ಬಲೆನೊ ಹಿಂದಿನ ಚಕ್ರಕ್ಕೆ ಟ್ರಿಪ್‌ಮೀಟರ್ ಸೆನ್ಸರ್: ಲೈಟ್ ಆರುವುದೇ ಇಲ್ಲ, ಯಾರಾದರೂ ಹೇಳಿ

ಎಡಸೀಟು:

ಗೆಳೆಯರೇ, ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಗಾಡಿ ಹಳೆಯ ಮಾರುತಿ ಬಲೆನೊ ಸೆಡಾನ್, ಈಗ ಬರುವ ಹ್ಯಾಚ್‌ಬ್ಯಾಕ್ ಅಲ್ಲ. ಓಡಿಸುವುದು ನಮ್ಮ ಭಾವ, ಪಕ್ಕದಲ್ಲಿ ರೋಡ್‌ಬುಕ್ (ದಾರಿ ತೋರಿಸುವ ಪುಸ್ತಕ) ಹಿಡಿದು ಕೂರುವುದು ನಾನು. ಸದ್ಯಕ್ಕೆ ಟಿಎಸ್‌ಡಿ (ಟೈಮ್-ಸ್ಪೀಡ್-ಡಿಸ್ಟೆನ್ಸ್, ಅಂದರೆ ಕೊಟ್ಟ ಸರಾಸರಿ ವೇಗದಲ್ಲೇ ಹೋಗಬೇಕಾದ) ರ‍್ಯಾಲಿಗಳು ಮಾತ್ರ. ದುಡ್ಡು ಕೂಡಿಬಂದರೆ ಮುಂದೆ ಸ್ಪೆಷಲ್ ಸ್ಟೇಜ್ (ಆದಷ್ಟು ವೇಗವಾಗಿ ಓಡಿಸುವ ಮುಚ್ಚಿದ ರಸ್ತೆ) ಇರುವ ರ‍್ಯಾಲಿಗೂ ಇಳಿಯುವ ಆಸೆ ಇದೆ. ಗಾಡಿಯ ಓಡೋಮೀಟರ್ 100 ಮೀಟರಿಗಿಂತ ಸಣ್ಣ ಲೆಕ್ಕ ತೋರಿಸುವುದಿಲ್ಲ. ರೋಡ್‌ಬುಕ್‌ನಲ್ಲಿ ನೋಡಿದರೆ ಪ್ರತಿ ಟುಲಿಪ್ ಚಿತ್ರದ (ತಿರುವು ತೋರಿಸುವ ಸಣ್ಣ ಗೆರೆಚಿತ್ರ) ಎದುರು 10 ಮೀಟರ್ ಲೆಕ್ಕದಲ್ಲಿ ದೂರ ಇರುತ್ತದೆ. ಕಾಫಿ ತೋಟದ ಒಳಗೆ 40 ಮೀಟರ್ ಅಂತರದಲ್ಲಿ ಎರಡು ಎಡ ತಿರುವು ಬಂದರೆ ನಮ್ಮದು ಯಾವುದು ಅಂತ ದೇವರಿಗೇ ಗೊತ್ತು. ಅದಕ್ಕೇ ಚಕ್ರದ ಸುತ್ತು ಎಣಿಸಿ 10 ಮೀಟರ್ ಲೆಕ್ಕದಲ್ಲಿ ದೂರ ತೋರಿಸುವ ಸೆಕೆಂಡ್ ಹ್ಯಾಂಡ್ ಟ್ರಿಪ್‌ಮೀಟರ್ ಒಂದನ್ನು ತಗೊಂಡೆ. ಡಬ್ಬಿ ಚೆನ್ನಾಗಿದೆ, ಆದರೆ ಜೊತೆಗೆ ಚಕ್ರದ ಸೆನ್ಸರ್ ಬರಲಿಲ್ಲ.

ಕಂಪನಿಯ ಸೆನ್ಸರ್ ಹೊರದೇಶದಿಂದ ತರಿಸಬೇಕು, ರೇಟು ಕೇಳಿ ಭಾವ ಸುಮ್ಮನಾದರು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಫ್ಯಾಕ್ಟರಿ ಮೆಷಿನ್‌ಗಳಿಗೆ ಹಾಕುವ ಪ್ರಾಕ್ಸಿಮಿಟಿ ಸೆನ್ಸರ್ (ಲೋಹ ಹತ್ತಿರ ಬಂದರೆ ಮುಟ್ಟದೆಯೇ ಗುರುತಿಸುವ ಇಂಡಕ್ಟಿವ್ ಬಗೆ) ಸಿಕ್ಕಿತು. ಎಂ12 ಸೈಜ್, 4 ಎಂಎಂ ರೇಂಜ್, ಎನ್‌ಪಿಎನ್ (ಆನ್ ಆದಾಗ ಸಿಗ್ನಲ್ ವೈರನ್ನು ಮೈನಸ್‌ಗೆ ಸೇರಿಸುವ ಬಗೆ), ಮೂರು ವೈರು. ಟ್ರಿಪ್‌ಮೀಟರ್‌ನ ಕೈಪಿಡಿ ಪ್ರಕಾರ ಇದು ಹೊಂದಬೇಕು.

ಹಿಂದೆ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸಿದ್ದೇವೆ. ಹಬ್‌ಗೂ ಡಿಸ್ಕ್‌ಗೂ ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಇದೆ, ಅದರ ಒಳಮುಖದಲ್ಲಿ ನಾಲ್ಕು ಎಂ6 ಅಲೆನ್ ಬೋಲ್ಟ್. ಆ ಬೋಲ್ಟ್ ತಲೆಗಳನ್ನೇ ಎಣಿಸೋಣ ಅಂತ ಸೆನ್ಸರ್ ಹಿಂದಿನಿಂದ ಗುರಿ ಇಟ್ಟು ಕೂರಿಸಿದೆ, ಗ್ಯಾಪ್ ಸುಮಾರು 1 ಎಂಎಂ. ಜ್ಯಾಕ್ ಕೊಟ್ಟು ಚಕ್ರ ತಿರುಗಿಸಿದರೆ ಸೆನ್ಸರ್ ಬಾಲದ ಕೆಂಪು ಲೈಟ್ ಮಿನುಗಬೇಕಲ್ವಾ? ಮಿನುಗುವುದಿಲ್ಲ. ಹತ್ತಿಕೊಂಡೇ ಇರುತ್ತದೆ. ಸ್ವಲ್ಪ ಹಿಂದಕ್ಕೆ ಎಳೆದರೆ ಪೂರ್ತಿ ಆರಿಹೋಗುತ್ತದೆ. ಎರಡರ ನಡುವೆ ಎಲ್ಲೋ ಒಂದು ಕಡೆ ಮಿನುಗಿತು, ಮತ್ತೆ ನಟ್ ಬಿಗಿ ಮಾಡುವಷ್ಟರಲ್ಲಿ ಹೋಯಿತು.

ಸೆನ್ಸರ್ ಕೆಟ್ಟಿದೆಯಾ? ಇನ್ನೊಂದು, ಹಿಂದಿನ ಚಕ್ರವೇ ಸರಿಯಾ ಅಥವಾ ಮುಂದಕ್ಕೆ ಹಾಕಬೇಕಿತ್ತಾ? ಒಂದು ಸುತ್ತಿಗೆ ನಾಲ್ಕು ಎಣಿಕೆ ಸಾಕಾ?

ಪೀಣ್ಯದ_ಪ್ರಾಕ್ಸಿ:

ಸೆನ್ಸರ್ ಕೆಟ್ಟಿಲ್ಲ ಗುರೂ, ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ನೀವು ಹೇಳಿದ್ದನ್ನು ಓದಿದರೆ ಬೋಲ್ಟ್ ತಲೆಗಳು ಅಡಾಪ್ಟರ್ ಒಳಗೆ ಮುಳುಗಿ ಕೂತಿವೆ ಅನ್ನಿಸುತ್ತದೆ, ಅಂದರೆ ತಲೆ ಮತ್ತು ಅಲ್ಯೂಮಿನಿಯಂ ಒಂದೇ ಮಟ್ಟ. ಹೌದಾ? ಹಾಗಿದ್ದರೆ ಕಾರಣ ಸಿಕ್ಕಿತು.

ಇಂಡಕ್ಟಿವ್ ಸೆನ್ಸರ್ ಕಬ್ಬಿಣವನ್ನು ಮಾತ್ರ ನೋಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಯಾವ ಲೋಹ ಬಂದರೂ ನೋಡುತ್ತದೆ, ಆದರೆ ದೂರ ಬೇರೆ ಬೇರೆ. ಡಬ್ಬಿ ಮೇಲೆ ಬರೆದ 4 ಎಂಎಂ ಅನ್ನುವುದು ಮೆತ್ತನೆ ಉಕ್ಕಿಗೆ. ಸ್ಟೇನ್‌ಲೆಸ್‌ಗೆ ಅದರ ಸುಮಾರು 0.7 ಪಾಲು, ಅಲ್ಯೂಮಿನಿಯಂಗೆ ಸುಮಾರು 0.4 ಪಾಲು. ಅಂದರೆ ನಿಮ್ಮ ಸೆನ್ಸರ್‌ಗೆ ಅಲ್ಯೂಮಿನಿಯಂ ಕೂಡ 1.6 ಎಂಎಂ ಹತ್ತಿರ ಬಂದರೆ ಕಾಣುತ್ತದೆ. ನೀವು 1 ಎಂಎಂಗೆ ಇಟ್ಟಿದ್ದೀರಿ, ಬೋಲ್ಟ್ ಬಂದರೂ ಆನ್, ಬೋಲ್ಟ್ ಹೋದರೂ ಆನ್.

ಸರಿ, 2.5 ಎಂಎಂಗೆ ಎಳೆದರೆ ಉಕ್ಕು ಮಾತ್ರ ಕಾಣಬೇಕಲ್ಲ ಅಂತ ಕೇಳಬಹುದು. ಕಾಗದದ ಮೇಲೆ ಸರಿ. ಆದರೆ ರೇಂಜ್ ಅಳೆಯುವುದು 12 ಎಂಎಂ ಚೌಕದ ಚಪ್ಪಟೆ ಉಕ್ಕಿನ ತುಂಡು ಇಟ್ಟು. ನಿಮ್ಮ ಎಂ6 ಅಲೆನ್ ತಲೆ 10 ಎಂಎಂ ಅಗಲ, ಅದರ ನಡುವೆ 5 ಎಂಎಂ ಕೀ ತೂತು ಬೇರೆ. ಸೆನ್ಸರ್‌ಗೆ ಸಿಗುವ ಉಕ್ಕು ತೀರಾ ಕಮ್ಮಿ, ರೇಂಜ್ ಇನ್ನೂ ಇಳಿಯುತ್ತದೆ. ನಿಮಗೆ ಎಲ್ಲೋ ಒಂದು ಕಡೆ ಮಿನುಗಿ ಹೋಯಿತು ಅಂದಿರಲ್ಲ, ಆ ಸಂದು ಅಷ್ಟೇ ಇರುವುದು. ಬೇರಿಂಗ್ ಆಟ, ಬಿಸಿ, ಕಂಪನ ಎಲ್ಲ ಸೇರಿದರೆ ಅದು ನಿಲ್ಲುವುದಿಲ್ಲ. ಬಿಸಿಗೇ ರೇಂಜ್ ಶೇಕಡಾ 10ರಷ್ಟು ಅತ್ತಿತ್ತ ಆಗುತ್ತದೆ.

ಪರಿಹಾರ ಸುಲಭ. ಬೋಲ್ಟ್ ತಲೆ ಹೊರಗೆ ಎದ್ದು ನಿಲ್ಲಬೇಕು. ಅದೇ ಗ್ರೇಡಿನ ಉದ್ದದ ಬೋಲ್ಟ್ ತಗೊಳ್ಳಿ, ಅಲೆನ್ ಬೇಡ, ಹೆಕ್ಸ್ ತಲೆಯದು. ಮುಳುಗಿದ ಗುಂಡಿಯೊಳಗೆ ಉಕ್ಕಿನ ಬುಷ್ ತಿರುಗಿಸಿ ಹಾಕಿಸಿ, ತಲೆ ಅಲ್ಯೂಮಿನಿಯಂಗಿಂತ 6 ಎಂಎಂ ಆದರೂ ಮೇಲೆ ಬರಲಿ. ಆಮೇಲೆ ತಲೆಗೂ ಸೆನ್ಸರ್‌ಗೂ 2 ಎಂಎಂ ಗ್ಯಾಪ್. ಬೋಲ್ಟ್ ದಾಟಿದ ಮೇಲೆ ಅಲ್ಯೂಮಿನಿಯಂ 8 ಎಂಎಂ ದೂರ, ಅದು ಕಾಣುವ ಪ್ರಶ್ನೆಯೇ ಇಲ್ಲ. 4 ಎಂಎಂ ಸೆನ್ಸರ್‌ನ ನಂಬಿಕೆಯ ರೇಂಜ್ 3.2 ಎಂಎಂ ಅಂತ ಇಟ್ಟುಕೊಳ್ಳಿ, ಸಣ್ಣ ತಲೆಗೆ ಅದಕ್ಕಿಂತಲೂ ಕಮ್ಮಿ. ಹಾಗಾಗಿ 2ರ ಮೇಲೆ ಹೋಗಬೇಡಿ.

ಇನ್ನೊಂದು ವಿಷಯ. 4 ಎಂಎಂ ರೇಂಜಿನ ಎಂ12 ಅಂದರೆ ಸಾಮಾನ್ಯವಾಗಿ ಅದು ನಾನ್‌ಫ್ಲಷ್ ಬಗೆ, ಮೂತಿಯ ಪ್ಲಾಸ್ಟಿಕ್ ಹೊರಗೆ ಚಾಚಿಕೊಂಡಿರುತ್ತದೆ. ಆ ಪ್ಲಾಸ್ಟಿಕ್ ಸುತ್ತ ಬ್ರಾಕೆಟ್ಟಿನ ಲೋಹ ಇರಬಾರದು, ಇದ್ದರೆ ಬ್ರಾಕೆಟ್ಟನ್ನೇ ನೋಡಿ ಲೈಟ್ ಹತ್ತಿಸಿಕೊಂಡು ಕೂರುತ್ತದೆ. ಮೂತಿ ಬ್ರಾಕೆಟ್ಟಿನಿಂದ 10 ಎಂಎಂ ಆದರೂ ಮುಂದೆ ಬರಲಿ.

ವೈರ್ ಬಣ್ಣ: ಕಂದು ಪ್ಲಸ್, ನೀಲಿ ಮೈನಸ್, ಕಪ್ಪು ಸಿಗ್ನಲ್. ಟ್ರಿಪ್‌ಮೀಟರ್‌ಗೆ ಕೊಡುವ ಮೊದಲು ಮಲ್ಟಿಮೀಟರ್‌ನಲ್ಲಿ ನೋಡಿ. ಕಂದು ಮತ್ತು ಕಪ್ಪು ನಡುವೆ 10 ಕೆ ರೆಸಿಸ್ಟರ್ ಹಾಕಿ, ಕಪ್ಪು ಮತ್ತು ನೀಲಿ ನಡುವೆ ಮೀಟರ್ ಇಡಿ. ಉಕ್ಕು ಎದುರಿಗೆ ಬಂದಾಗ ಸೊನ್ನೆ ಹತ್ತಿರ, ಇಲ್ಲದಾಗ 12 ವೋಲ್ಟ್ ಹತ್ತಿರ ತೋರಿಸಬೇಕು. ಉಲ್ಟಾ ತೋರಿಸಿದರೆ ಅಂಗಡಿಯವರು ನಾರ್ಮಲಿ ಕ್ಲೋಸ್ಡ್ (ಲೋಹ ಇಲ್ಲದಾಗ ಆನ್ ಇರುವ ಬಗೆ) ಕೊಟ್ಟಿದ್ದಾರೆ, ಸೊನ್ನೆ ಹತ್ತಿರ ಇಳಿಯದೇ ಇದ್ದರೆ ಪಿಎನ್‌ಪಿ (ಸಿಗ್ನಲ್ ವೈರನ್ನು ಪ್ಲಸ್‌ಗೆ ಸೇರಿಸುವ ಬಗೆ) ಕೊಟ್ಟಿದ್ದಾರೆ ಅಂತ ಅರ್ಥ, ವಾಪಸ್ ಕೊಟ್ಟು ಬನ್ನಿ.

ನಾಲ್ಕು ಎಣಿಕೆ ಸಾಕು. 100 ಕಿ.ಮೀ. ವೇಗದಲ್ಲೂ ಚಕ್ರ ಸೆಕೆಂಡಿಗೆ 15 ಸುತ್ತು ಸುಮಾರು, ಅಂದರೆ 60 ಪಲ್ಸ್ (ಒಂದು ಬೋಲ್ಟ್ ದಾಟಿದರೆ ಒಂದು ಪಲ್ಸ್). ಈ ಸೆನ್ಸರ್‌ಗೆ ಅದು ಏನೂ ಅಲ್ಲ, ನೂರಾರು ಪಲ್ಸ್ ಆರಾಮಾಗಿ ಎಣಿಸುತ್ತದೆ.

ಹಾಸನ_ಗ್ಯಾರೇಜ್:

ಪ್ರಾಕ್ಸಿ ಸರ್ ಹೇಳಿದ ಮೇಲೆ ಕರೆಂಟಿನ ಕಡೆ ನನಗೆ ಕೆಲಸ ಇಲ್ಲ. ಕಬ್ಬಿಣದ ಕಡೆ ಹೇಳುತ್ತೇನೆ. ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಸೆನ್ಸರ್ ಕೆಟ್ಟಿದ್ದು ಕಮ್ಮಿ, ಬ್ರಾಕೆಟ್ ಮುರಿದಿದ್ದು ಮತ್ತು ವೈರ್ ಕಡಿದಿದ್ದೇ ಜಾಸ್ತಿ.

ಬ್ರಾಕೆಟ್‌ಗೆ ತೆಳು ಅಲ್ಯೂಮಿನಿಯಂ ಪಟ್ಟಿ ಹಾಕಬೇಡಿ. ನೋಡಲು ಚಂದ, ಕಲ್ಲುರಸ್ತೆಯಲ್ಲಿ ನಡುಗಿ ನಡುಗಿ ಬಗ್ಗಿಸಿದ ಮೂಲೆಯಲ್ಲೇ ಸೀಳು ಬಿಡುತ್ತದೆ. 4 ಅಥವಾ 5 ಎಂಎಂ ದಪ್ಪದ ಎಂಎಸ್ (ಮೆತ್ತನೆ ಉಕ್ಕಿನ) ಪ್ಲೇಟ್, ಎಲ್ ಆಕಾರ, ಆದಷ್ಟು ಗಿಡ್ಡ. ಗಿಡ್ಡ ಇದ್ದಷ್ಟೂ ನಡುಕ ಕಮ್ಮಿ. ಸೆನ್ಸರ್ ಹೋಗುವ ತೂತು ಗುಂಡಗಿರಲಿ, ಗಾಡಿಗೆ ಬೋಲ್ಟ್ ಆಗುವ ಕಡೆ ಉದ್ದನೆ ಸ್ಲಾಟ್ ಇರಲಿ, ಅಡ್ಡಕ್ಕೆ ಸರಿಸಿಕೊಳ್ಳಲು. ಗ್ಯಾಪ್ ಹೊಂದಿಸಲು ಸೆನ್ಸರ್‌ನದೇ ಎರಡು ನಟ್ ಇವೆ. ಆ ನಟ್ ಹಿತ್ತಾಳೆಯದು, ಜೋರು ಕೈ ಹಾಕಿದರೆ ಥ್ರೆಡ್ ಹೋಗುತ್ತದೆ.

ಎಲ್ಲಿಗೆ ಬೋಲ್ಟ್ ಮಾಡುತ್ತೀರಿ ಅನ್ನುವುದು ಮುಖ್ಯ. ಮೊದಲು ಡ್ರಮ್ಮಿನ ಬ್ಯಾಕ್ ಪ್ಲೇಟ್ ಹಿಡಿದಿದ್ದ ಬೋಲ್ಟ್‌ಗಳಲ್ಲಿ ಕ್ಯಾಲಿಪರ್ ಭಾರ ಹೊರದ ಒಂದನ್ನು ಆರಿಸಿಕೊಳ್ಳಿ. ಕ್ಯಾಲಿಪರ್ ಬೋಲ್ಟ್ ಕೆಳಗೆ ಸೆನ್ಸರ್ ಪ್ಲೇಟ್ ಸಿಕ್ಕಿಸಬೇಡಿ. ಸ್ಕ್ರೂಟಿನಿಯಲ್ಲಿ (ರ‍್ಯಾಲಿಗೆ ಮೊದಲಿನ ಗಾಡಿ ತಪಾಸಣೆ) ಕೇಳದಿದ್ದರೂ ನನಗೆ ಇಷ್ಟ ಆಗುವುದಿಲ್ಲ, ಬ್ರೇಕ್ ಬೋಲ್ಟ್ ಅಂದರೆ ಬ್ರೇಕ್‌ಗೆ ಮಾತ್ರ. ಶಾಕ್ ಅಬ್ಸಾರ್ಬರ್ ಮೈಗೆ ವೆಲ್ಡಿಂಗ್ ಅಂತೂ ಕನಸಿನಲ್ಲೂ ಬೇಡ. ಒಬ್ಬರು ಹಾಗೆ ಮಾಡಿಸಿಕೊಂಡು ಬಂದಿದ್ದರು, ಆಯಿಲ್ ಸೀಲ್ ಸುಟ್ಟು ಶಾಕ್ ಎಣ್ಣೆ ಎಲ್ಲ ಚಕ್ರದ ಒಳಗೆ.

ಸೆನ್ಸರ್ ಮೂತಿ ಡಿಸ್ಕಿನ ಪ್ಯಾಡ್ ಉಜ್ಜುವ ಜಾಗಕ್ಕೆ ಎದುರಾಗಿ ಇರಬಾರದು. ಸಾಮಾನ್ಯ ಪ್ರಾಕ್ಸಿಮಿಟಿ ಸೆನ್ಸರ್ ತಡೆಯುವುದು 70 ಡಿಗ್ರಿವರೆಗೆ, ಡಿಸ್ಕ್ ನೂರಾರು ಡಿಗ್ರಿಗೆ ಹೋಗುತ್ತದೆ. ಚಾರ್ಮಾಡಿ ಇಳಿದು ಕೊಟ್ಟಿಗೆಹಾರದಿಂದ ಉಜಿರೆ ಮುಟ್ಟುವಷ್ಟರಲ್ಲಿ ಹಿಂದಿನ ಡಿಸ್ಕ್ ಕೂಡ ಕೈ ಹತ್ತಿರ ಹಿಡಿಯಲು ಆಗುವುದಿಲ್ಲ. ನಿಮ್ಮದು ಹಬ್ ಕಡೆಯ ಬೋಲ್ಟ್ ಆದ್ದರಿಂದ ಪರವಾಗಿಲ್ಲ.

ಈಗ ವೈರು. ಕಡಿಯುವುದು ಯಾವಾಗಲೂ ಸೆನ್ಸರ್ ಬಾಲದಿಂದ ಒಂದು ಗೇಣಿನ ಒಳಗೆ. ಅಲ್ಲಿ ವೈರನ್ನು ಬ್ರಾಕೆಟ್ಟಿಗೇ ಒಂದು ಕ್ಲಿಪ್ ಹಾಕಿ ಹಿಡಿಸಿ, ಬಾಲದ ಹತ್ತಿರ ಅಲ್ಲಾಡಲೇಬಾರದು. ಆಮೇಲೆ ಬ್ರೇಕ್ ಹೋಸ್ ಹೋಗುವ ದಾರಿಯಲ್ಲೇ ಕರೆದುಕೊಂಡು ಹೋಗಿ. ಆ ದಾರಿಯನ್ನು ಕಂಪನಿಯವರು ಯೋಚಿಸಿಯೇ ಮಾಡಿರುತ್ತಾರೆ, ಸಸ್ಪೆನ್ಷನ್ ಎಷ್ಟು ಮೇಲೆ ಕೆಳಗೆ ಆಡಿದರೂ ಎಳೆಯುವುದಿಲ್ಲ, ಚಕ್ರಕ್ಕೂ ತಾಗುವುದಿಲ್ಲ. ಹೋಸ್‌ಗೆ ಟೈ ಬಿಗಿಯಾಗಿ ಕಟ್ಟಬೇಡಿ, ಸ್ವಲ್ಪ ಸಡಿಲ. ಕಟ್ಟಿದ ಮೇಲೆ ಒಮ್ಮೆ ಜ್ಯಾಕ್ ಎತ್ತಿ ಚಕ್ರ ಪೂರ್ತಿ ನೇತಾಡಲು ಬಿಡಿ, ಎಲ್ಲಾದರೂ ವೈರ್ ಬಿಗಿಯಾಗುತ್ತದಾ ನೋಡಿ. ಆಮೇಲೆ ಇಳಿಸಿ, ಡಿಕ್ಕಿಯಲ್ಲಿ ಇಬ್ಬರು ದಪ್ಪನವರನ್ನು ಕೂರಿಸಿ ಇನ್ನೊಮ್ಮೆ ನೋಡಿ.

ಮೂತಿಯ ಮುಂದೆ ಕಲ್ಲು ಸಿಗದ ಹಾಗೆ ಬ್ರಾಕೆಟ್ಟಿಗೇ ಒಂದು ಸಣ್ಣ ಕಿವಿ ಬಗ್ಗಿಸಿ. ಕೆಸರು ಮೆತ್ತಿಕೊಂಡರೆ ಚಿಂತೆ ಇಲ್ಲ, ಈ ಸೆನ್ಸರ್‌ಗೆ ಕೆಸರು ಕಾಣುವುದಿಲ್ಲ. ಮ್ಯಾಗ್ನೆಟ್ ಅಂಟಿಸುವ ಹಾಲ್ ಸೆನ್ಸರ್ ಆಗಿದ್ದರೆ ಪ್ಯಾಡ್‌ನಿಂದ ಉದುರುವ ಕಬ್ಬಿಣದ ಪುಡಿ ಎಲ್ಲ ಮ್ಯಾಗ್ನೆಟ್ಟಿಗೆ ಗಡ್ಡ ಬೆಳೆದ ಹಾಗೆ ಅಂಟಿಕೊಳ್ಳುತ್ತಿತ್ತು. ಅದೂ ಅಲ್ಲದೆ ಸಾಮಾನ್ಯ ನಿಯೋಡೈಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಬ್ರೇಕ್ ಹತ್ತಿರ ಅದು ಬೇಡವೇ ಬೇಡ.

ಕಾರ್ಕಳದ_ಕಾರು:

ಇಷ್ಟೆಲ್ಲ ಯಾಕೆ ಮಾರಾಯ್ರೆ? ಜಿಪಿಎಸ್ ಟ್ರಿಪ್‌ಮೀಟರ್ ತಗೊಂಡರೆ ಆಯ್ತಲ್ಲ. ಬ್ರಾಕೆಟ್ ಇಲ್ಲ, ವೈರ್ ಇಲ್ಲ, ಟೈರ್ ಬದಲಾಯಿಸಿದರೆ ಕ್ಯಾಲಿಬ್ರೇಷನ್ (ದೂರದ ಲೆಕ್ಕ ಮತ್ತೆ ಹೊಂದಿಸುವುದು) ಇಲ್ಲ. ರೂಫಿನ ಮೇಲೆ ಆಂಟೆನಾ ಇಟ್ಟು ಹೊರಟರೆ ಮುಗಿಯಿತು. ನಾನು ಬಾಡಿಗೆ ಕಾರಿನಲ್ಲೂ ಟಿಎಸ್‌ಡಿ ಮಾಡಿದ್ದೇನೆ, ಅದಕ್ಕೆ ಯಾರು ಸೆನ್ಸರ್ ಬೋಲ್ಟ್ ಮಾಡಲು ಬಿಡುತ್ತಾರೆ ಹೇಳಿ. ಬಯಲು ರಸ್ತೆಯಲ್ಲಿ ನನಗೆ ಯಾವತ್ತೂ ತೊಂದರೆ ಆಗಿಲ್ಲ.

ಟುಲಿಪ್_ಟೀಚರ್:

ಕಾರ್ಕಳದವರೇ, ನೀವೇ ಹೇಳಿದಿರಲ್ಲ, ಬಯಲು ರಸ್ತೆ ಅಂತ. ಚಿಕ್ಕಮಗಳೂರಿನ ತೋಟದೊಳಗೆ ಬನ್ನಿ. ಮೇಲೆ ಸಿಲ್ವರ್ ಓಕ್, ಪಕ್ಕದಲ್ಲಿ ಗುಡ್ಡ, ಮಳೆಗಾಲದ ಎಲೆ. ಜಿಪಿಎಸ್ ಸ್ಥಾನ ಅತ್ತಿತ್ತ ಹಾರುತ್ತದೆ, ಹಾರಿದ್ದೆಲ್ಲ ದೂರಕ್ಕೆ ಸೇರುತ್ತದೆ, ಇಲ್ಲವೇ ಡಬ್ಬಿ ಅದನ್ನು ಸೋಸಲು ಹೋಗಿ ಹೇರ್‌ಪಿನ್‌ನ ಮೂಲೆ ಕತ್ತರಿಸುತ್ತದೆ. ಬಾಡಿಗೆ ಕಾರಿಗೆ ಜಿಪಿಎಸ್ ಸರಿ, ಒಪ್ಪುತ್ತೇನೆ. ಸ್ವಂತ ಗಾಡಿ ಇದ್ದವರು ಚಕ್ರವನ್ನೇ ಎಣಿಸಲಿ. ಎರಡೂ ಇದ್ದರೆ ಇನ್ನೂ ಒಳ್ಳೆಯದು, ಒಂದು ಸತ್ತರೆ ಇನ್ನೊಂದು.

ಎಡಸೀಟು ಅವರೇ, ಯಾವ ಚಕ್ರ ಅಂತ ಕೇಳಿದಿರಿ. ನಿಮ್ಮದು ಮುಂದಿನ ಚಕ್ರ ಎಳೆಯುವ ಗಾಡಿ, ಹಾಗಾಗಿ ಹಿಂದಿನದೇ ಸರಿ. ಮುಂದಿನ ಚಕ್ರ ಜಲ್ಲಿಯಲ್ಲಿ ಸ್ಪಿನ್ ಆದಷ್ಟೂ ಇಲ್ಲದ ದೂರ ಸೇರುತ್ತದೆ. ಕೆಸರಿನ ಏರಿನಲ್ಲಿ ಗಾಡಿ ನಿಂತಲ್ಲೇ ನಿಂತಿದ್ದರೂ ಟ್ರಿಪ್ ಓಡುತ್ತಿರುತ್ತದೆ. ಸುಮ್ನೆ ಉರುಳುವ ಚಕ್ರ ಸುಳ್ಳು ಹೇಳುವುದು ಕಮ್ಮಿ. ಹಿಂದಿನ ಚಕ್ರ ಸುಳ್ಳು ಹೇಳುವುದು ಲಾಕ್ ಆದಾಗ ಮಾತ್ರ. ನಿಮ್ಮ ಭಾವ ಮುಂದೆ ಸ್ಪೆಷಲ್ ಸ್ಟೇಜ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಹೇರ್‌ಪಿನ್ ತಿರುಗಿಸಲು ಶುರು ಮಾಡಿದರೆ ಅಲ್ಲಿ ಕೆಲವು ಮೀಟರ್ ಕಳೆದುಹೋಗುತ್ತದೆ. ಆದರೆ ಸ್ಟೇಜ್‌ನಲ್ಲಿ ನೀವು ಓದುವುದು ಪೇಸ್‌ನೋಟ್ (ತಿರುವುಗಳನ್ನು ಮೊದಲೇ ಬರೆದಿಟ್ಟುಕೊಂಡ ಟಿಪ್ಪಣಿ), ಟ್ರಿಪ್ ಅಲ್ಲ. ಟಿಎಸ್‌ಡಿಯಲ್ಲಿ ಹ್ಯಾಂಡ್‌ಬ್ರೇಕಿಗೆ ಕೆಲಸವೇ ಇಲ್ಲ.

ಮಾರುತಿ ಜಿಪ್ಸಿ ಇರುವವರು ಇದನ್ನು ಓದುತ್ತಿದ್ದರೆ: ನೀವು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಫ್ಲ್ಯಾಂಜ್ ಬೋಲ್ಟ್ ಎಣಿಸಬಹುದು. ಡಿಫರೆನ್ಷಿಯಲ್ ಇರುವುದರಿಂದ ಶಾಫ್ಟ್ ಎರಡೂ ಚಕ್ರದ ಸರಾಸರಿ ಹೇಳುತ್ತದೆ, ತಿರುವಿನ ಒಳ ಚಕ್ರ ಹೊರ ಚಕ್ರದ ಗಲಾಟೆ ಇಲ್ಲ. ಜಾರಿದರೆ ಮಾತ್ರ ಅದೂ ಸೇರುತ್ತದೆ.

ಒಳ ಚಕ್ರ ಹೊರ ಚಕ್ರ ಅಂದೆನಲ್ಲ, ಅದರ ಲೆಕ್ಕ ನೋಡಿ. ಎಡ ಬಲ ಚಕ್ರಗಳ ಅಂತರ 1.45 ಮೀಟರ್ ಅಂತ ಇಟ್ಟುಕೊಂಡರೆ, ಒಂದು ಪೂರ್ತಿ ಹೇರ್‌ಪಿನ್ ತಿರುವಿಗೆ ಒಂದು ಬದಿಯ ಚಕ್ರ ಗಾಡಿಯ ನಡುಗೆರೆಗಿಂತ ಸುಮಾರು 2.3 ಮೀಟರ್ ಹೆಚ್ಚು ಅಥವಾ ಕಮ್ಮಿ ಓಡುತ್ತದೆ. ಘಾಟಿಯಲ್ಲಿ ಎಡ ಒಂದು ಬಲ ಒಂದು ಬಂದು ಹೊಂದಿಕೊಳ್ಳುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ್ದು ಕ್ಯಾಲಿಬ್ರೇಷನ್‌ಗೆ. ನಿಮ್ಮ ಟೈರ್ 185/60 ಆರ್14 ಆಗಿದ್ದರೆ ಸುತ್ತಳತೆ 1.81 ಮೀಟರ್, ಕಿಲೋಮೀಟರಿಗೆ 551 ಸುತ್ತು, ನಾಲ್ಕರಂತೆ 2204 ಪಲ್ಸ್. ಇದು ಪುಸ್ತಕದ ಲೆಕ್ಕ. ಭಾರ ಬಿದ್ದು ಟೈರ್ ಒತ್ತಿಕೊಂಡಾಗ ಉರುಳುವ ಸುತ್ತಳತೆ ಇನ್ನೂ ಕಮ್ಮಿ, ಆದ್ದರಿಂದ ನಿಜದಲ್ಲಿ 2250ರ ಆಚೀಚೆ ಬರುತ್ತದೆ. ಒಂದು ಪಲ್ಸ್ ಅಂದರೆ 45 ಸೆಂಟಿಮೀಟರ್ ಹತ್ತಿರ. 10 ಮೀಟರ್ ಓದಲು ಧಾರಾಳವಾಯಿತು.

ಆದರೆ ನೆನಪಿಡಿ, ನಿಮಗೆ ಬೇಕಾಗಿರುವುದು ನಿಜವಾದ ಕಿಲೋಮೀಟರ್ ಅಲ್ಲ, ರ‍್ಯಾಲಿ ನಡೆಸುವವರ ಕಿಲೋಮೀಟರ್. ಅವರ ಗಾಡಿಯ ಟ್ರಿಪ್ 5.00 ಅಂದ ಜಾಗದಲ್ಲಿ ನಿಮ್ಮದೂ 5.00 ಅನ್ನಬೇಕು, ಅಷ್ಟೇ. ಅದಕ್ಕೇ ಶುರುವಿನಲ್ಲಿ ಅಳೆದ ದೂರ ಕೊಟ್ಟಿರುತ್ತಾರೆ. ಹೆದ್ದಾರಿಯ ಕಿಲೋಮೀಟರ್ ಕಲ್ಲು ನಂಬಿ ಮನೆಯಲ್ಲೇ ಹೊಂದಿಸಿಕೊಂಡು ಬಂದು, ಇಲ್ಲಿ ಆ ದೂರ ಓಡಿಸದೆ ಹೊರಟವರು ಮೊದಲ ಕಂಟ್ರೋಲ್‌ನಿಂದಲೇ (ಸಮಯ ದಾಖಲಿಸುವ ಜಾಗ) ಮುಖ ಒಣಗಿಸಿಕೊಂಡು ಬರುತ್ತಾರೆ. ಲೆಕ್ಕ ಹೀಗೆ: ಟ್ರಿಪ್‌ನಲ್ಲಿ ಕಿಲೋಮೀಟರಿಗೆ 2260 ಪಲ್ಸ್ ಅಂತ ಹಾಕಿದ್ದೀರಿ, ರೋಡ್‌ಬುಕ್ 5.00 ಅಂದಲ್ಲಿ ನಿಮ್ಮದು 5.06 ತೋರಿಸಿತು. 2260 ಗುಣಿಸು 5.06, ಭಾಗಿಸು 5. ಹೊಸ ಸಂಖ್ಯೆ 2287. ಹೆಚ್ಚು ತೋರಿಸಿದರೆ ಸಂಖ್ಯೆ ಹೆಚ್ಚಬೇಕು, ಇದನ್ನು ಉಲ್ಟಾ ಮಾಡುವವರು ತುಂಬಾ ಜನ.

ಓಡಿಸುವಾಗ ಇಬ್ಬರೂ ಗಾಡಿಯಲ್ಲಿರಿ, ಸ್ಟೆಪ್ನಿ ಟೂಲ್ ಎಲ್ಲ ಇರಲಿ, ಟೈರ್ ಬಿಸಿಯಾಗಿರಲಿ, ಗಾಳಿ ರ‍್ಯಾಲಿಯಲ್ಲಿ ಇಡುವಷ್ಟೇ ಇರಲಿ. ಟೈರ್ ಹೊಸದರಿಂದ ಅರ್ಧ ಸವೆದರೆ ಸುಮಾರು 1 ಶೇಕಡಾ ವ್ಯತ್ಯಾಸ, ಅಂದರೆ 100 ಕಿ.ಮೀ.ಗೆ 1 ಕಿ.ಮೀ. ಅದು ಸಣ್ಣದಲ್ಲ. ಸರಾಸರಿ ವೇಗ 36 ಕೊಟ್ಟಿದ್ದರೆ ಸೆಕೆಂಡಿಗೆ 10 ಮೀಟರ್. ಟ್ರಿಪ್ 10 ಮೀಟರ್ ತಪ್ಪಿದರೆ ನೀವು 1 ಸೆಕೆಂಡ್ ತಪ್ಪಿದಿರಿ.

ಪೋಲೋ_ಹುಡುಗ:

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನನ್ನ ಗಾಡಿಯಲ್ಲಿ ಎಬಿಎಸ್ ಇದೆ, ಅಂದರೆ ನಾಲ್ಕೂ ಚಕ್ರಕ್ಕೆ ಸೆನ್ಸರ್ ಕಂಪನಿಯಿಂದಲೇ ಇದೆ. ಹಿಂದಿನ ಒಂದರ ವೈರ್‌ನಿಂದ ಟ್ಯಾಪ್ ತೆಗೆದು ಟ್ರಿಪ್‌ಮೀಟರ್‌ಗೆ ಕೊಟ್ಟರೆ ಆಗಲ್ವಾ? ಬ್ರಾಕೆಟ್ ತಲೆನೋವೇ ಇಲ್ಲ.

ಪೀಣ್ಯದ_ಪ್ರಾಕ್ಸಿ:

ನೇರವಾಗಿ ಟ್ಯಾಪ್ ಬೇಡ ತಮ್ಮಾ. ಎಬಿಎಸ್ ಸೆನ್ಸರ್ ಎರಡು ಬಗೆ. ಹಳೆಯದು ಸುರುಳಿ ಮತ್ತು ಮ್ಯಾಗ್ನೆಟ್ ಇರುವುದು, ಹಲ್ಲಿನ ಚಕ್ರ ಎದುರಿಗೆ ತಿರುಗಿದಾಗ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ವೇಗ ಹೆಚ್ಚಾದರೆ ವೋಲ್ಟೇಜ್ ಹೆಚ್ಚು, ನಿಧಾನ ಹೋದರೆ ಸಿಗ್ನಲ್ ಸತ್ತೇ ಹೋಗುತ್ತದೆ. ಟ್ರಿಪ್‌ಮೀಟರ್‌ಗೆ ಬೇಕಾಗಿರುವುದೇ ಕಂಟ್ರೋಲ್ ಹತ್ತಿರ ತೆವಳುವಾಗಿನ ಎಣಿಕೆ, ಅಲ್ಲೇ ಇದು ಕೈ ಕೊಡುತ್ತದೆ.

ಹೊಸದು ಆ್ಯಕ್ಟಿವ್ ಬಗೆ, ಈಗಿನ ಹೆಚ್ಚಿನ ಗಾಡಿಗಳಲ್ಲಿ ಅದೇ. ಎರಡೇ ವೈರು, ಸಿಗ್ನಲ್ ಇರುವುದು ವೋಲ್ಟೇಜಿನಲ್ಲಿ ಅಲ್ಲ, ಕರೆಂಟಿನಲ್ಲಿ. 7 ಮಿಲಿ ಆಂಪ್, 14 ಮಿಲಿ ಆಂಪ್, ಹೀಗೆ ಎರಡರ ನಡುವೆ ಹಾರುತ್ತದೆ. ಆ ವೈರಿಗೆ ನಿಮ್ಮ ಡಬ್ಬಿ ಜೋಡಿಸಿದರೆ ಅದೂ ಒಂದಿಷ್ಟು ಕರೆಂಟ್ ಎಳೆಯುತ್ತದೆ, ಎಬಿಎಸ್ ಬಾಕ್ಸ್‌ಗೆ ಲೆಕ್ಕ ತಪ್ಪುತ್ತದೆ, ಡ್ಯಾಶ್‌ನಲ್ಲಿ ಲೈಟ್ ಹತ್ತುತ್ತದೆ. ಲೈಟ್ ಹತ್ತಿತು ಅಂದರೆ ಎಬಿಎಸ್ ಕೆಲಸ ಬಿಟ್ಟಿದೆ ಅಂತ. ರಸ್ತೆಯಲ್ಲಿ ದಿನಾ ಓಡಿಸುವ ಗಾಡಿಗೆ ಅದು ಆಟವಲ್ಲ.

ಬರೀ ಸಿಗ್ನಲ್ ನೋಡಿಕೊಂಡು ಟ್ರಿಪ್‌ಗೆ ಚೌಕದ ಪಲ್ಸ್ ಮಾಡಿ ಕೊಡುವ ಇಂಟರ್‌ಫೇಸ್ ಸರ್ಕಿಟ್ ಬೇಕು, ಅದನ್ನೂ ಗೊತ್ತಿದ್ದವರೇ ಮಾಡಬೇಕು. ಇನ್ನೊಂದು ತೊಂದರೆ ಎಣಿಕೆ. ಎಬಿಎಸ್ ರಿಂಗ್ ಒಂದು ಸುತ್ತಿಗೆ 40-48 ಪಲ್ಸ್ ಕೊಡುತ್ತದೆ, ಕಿಲೋಮೀಟರಿಗೆ 20 ಸಾವಿರ ದಾಟುತ್ತದೆ. ಅಷ್ಟು ದೊಡ್ಡ ಕ್ಯಾಲಿಬ್ರೇಷನ್ ಸಂಖ್ಯೆ ನಿಮ್ಮ ಡಬ್ಬಿ ತಗೊಳ್ಳುತ್ತದಾ ಅಂತ ಕೈಪಿಡಿಯಲ್ಲಿ ನೋಡಿಕೊಳ್ಳಿ. ಪೂರ್ತಿ ರ‍್ಯಾಲಿ ಗಾಡಿ ಮಾಡಿ ಎಬಿಎಸ್ಸನ್ನೇ ತೆಗೆದಿದ್ದರೆ ಮಾತು ಬೇರೆ. ಆಗ ಆ ಸೆನ್ಸರ್‌ಗಳು ಖಾಲಿ ಕೂತಿರುತ್ತವೆ, ನಾಲ್ಕನ್ನೂ ಡೇಟಾ ಲಾಗರ್‌ಗೆ ಕೊಟ್ಟು ಯಾವ ಚಕ್ರ ಎಲ್ಲಿ ಲಾಕ್ ಆಯಿತು, ಎಲ್ಲಿ ಸ್ಪಿನ್ ಆಯಿತು ಅಂತ ಆಮೇಲೆ ನೋಡಬಹುದು.

ಎಡಸೀಟು:

ಎಲ್ಲರಿಗೂ ಥ್ಯಾಂಕ್ಸ್. ಪ್ರಾಕ್ಸಿ ಸರ್ ಊಹೆ ಸರಿ, ಅಡಾಪ್ಟರ್ ಮಾಡಿದ ಲೇಥ್‌ನವರು ಬೋಲ್ಟ್ ತಲೆಗಳನ್ನು ಪೂರ್ತಿ ಮುಳುಗಿಸಿದ್ದರು. ಬುಷ್ ತಿರುಗಿಸಿ ಹೆಕ್ಸ್ ಬೋಲ್ಟ್ ಹಾಕಿದ ಮೇಲೆ ಲೈಟ್ ಒಂದು ಸುತ್ತಿಗೆ ಸರಿಯಾಗಿ ನಾಲ್ಕು ಸಲ ಮಿನುಗುತ್ತಿದೆ. ಕ್ಯಾಲಿಪರ್ ಬ್ರಾಕೆಟ್‌ಗೂ ಬೋಲ್ಟ್ ತಲೆಗೂ ನಡುವೆ ಒಂದು ಬೆರಳು ಜಾಗ ಇದೆ. ಬ್ರಾಕೆಟ್ ಹಾಸನದ ಅಣ್ಣ ಹೇಳಿದ ಹಾಗೆ 5 ಎಂಎಂ ಪ್ಲೇಟ್‌ನಲ್ಲಿ ಹೊಸದಾಗಿ ಮಾಡಿಸಿದೆ. ಓಡಿಸಿದಾಗ ದೂರ ಚೆನ್ನಾಗಿ ಬರುತ್ತಿದೆ, ಹೋಗುವಾಗ ಬರುವಾಗ ಒಂದೇ ಸಂಖ್ಯೆ.

ಆದರೆ ಹೊಸ ಭೂತ ಒಂದು ಹಿಡಿದಿದೆ. ಗಾಡಿ ನಿಂತಿದೆ, ಎಂಜಿನ್ ಐಡ್ಲ್‌ನಲ್ಲಿದೆ, ಟ್ರಿಪ್ ತಾನಾಗಿಯೇ 10 ಮೀಟರ್, 20 ಮೀಟರ್ ಅಂತ ಏರುತ್ತದೆ. ಯಾವಾಗಲೂ ಅಲ್ಲ, ಒಮ್ಮೊಮ್ಮೆ. ಕಂಟ್ರೋಲ್‌ನಲ್ಲಿ ಸಾಲು ನಿಂತಾಗ ಹೀಗಾದರೆ ನನ್ನ ಲೆಕ್ಕ ಎಲ್ಲ ಹೊಳೆಗೆ.

ಹಾಸನ_ಗ್ಯಾರೇಜ್:

ಬೋಲ್ಟ್ ತಲೆ ಸೆನ್ಸರ್‌ನ ಅಂಚಿನಲ್ಲಿ ನಿಂತಾಗ ಎಂಜಿನ್ ನಡುಕಕ್ಕೆ ಆನ್ ಆಫ್ ಆಗುತ್ತಿರಬಹುದು. ಬ್ರಾಕೆಟ್ ಸ್ಲಾಟ್ ಬೋಲ್ಟ್ ಸಡಿಲ ಇದೆಯಾ ಮೊದಲು ನೋಡಿ.

ಪೀಣ್ಯದ_ಪ್ರಾಕ್ಸಿ:

ಅಣ್ಣ ಹೇಳಿದ್ದು ಆಗಿರಬಹುದು, ಕರೆಂಟಿನ ಗಲಾಟೆಯೂ ಆಗಿರಬಹುದು. ಬೇರೆ ಮಾಡಿ ನೋಡುವುದು ಸುಲಭ. ಭಾವನನ್ನು ಒಳಗೆ ಕೂರಿಸಿ ಟ್ರಿಪ್ ನೋಡಲು ಹೇಳಿ, ನೀವು ಹಿಂದೆ ಕೂತು ಸೆನ್ಸರ್‌ನ ಲೈಟ್ ನೋಡಿ. ಚಕ್ರಕ್ಕೆ ಕಲ್ಲು ಕೊಡಿ ಮೊದಲು. ಟ್ರಿಪ್ ಏರಿದಾಗ ಲೈಟೂ ಮಿನುಗಿದರೆ ಅಣ್ಣ ಹೇಳಿದ್ದೇ ಸರಿ, ಗ್ಯಾಪ್ ಅರ್ಧ ಎಂಎಂ ಕಮ್ಮಿ ಮಾಡಿ, ಬ್ರಾಕೆಟ್ ಬಿಗಿ ಮಾಡಿ. ಲೈಟ್ ಅಲ್ಲಾಡದೆ ಇದ್ದು ಟ್ರಿಪ್ ಮಾತ್ರ ಏರಿದರೆ ಸೆನ್ಸರ್ ನಿರಪರಾಧಿ, ದಾರಿಯಲ್ಲಿ ವೈರ್ ಏನನ್ನೋ ಹಿಡಿಯುತ್ತಿದೆ.

ಎಡಸೀಟು:

ನೋಡಿದೆ. ಲೈಟ್ ಅಲ್ಲಾಡುವುದಿಲ್ಲ. ರೇಡಿಯೇಟರ್ ಫ್ಯಾನ್ ಶುರುವಾದ ಕ್ಷಣಕ್ಕೆ ಟ್ರಿಪ್ ಹಾರುತ್ತದೆ. ಆಮೇಲೆ ಭಾವ ವಾಕಿಟಾಕಿ ಒತ್ತಿದಾಗಲೂ ಒಮ್ಮೆ ಹಾರಿತು.

ಪೀಣ್ಯದ_ಪ್ರಾಕ್ಸಿ:

ಹಾಗಿದ್ದರೆ ಪೂರ್ತಿ ವೈರಿಂಗ್ ವಿಷಯ. ಟ್ರಿಪ್‌ಮೀಟರ್‌ನ ಪ್ಲಸ್ಸನ್ನು ಸಿಗರೇಟ್ ಲೈಟರ್ ಅಥವಾ ಸ್ಟೀರಿಯೋ ವೈರ್‌ನಿಂದ ತೆಗೆದಿದ್ದರೆ ಬಿಡಿಸಿ. ಬ್ಯಾಟರಿಯಿಂದ ನೇರ ಒಂದು ವೈರ್ ಎಳೆಯಿರಿ, ಬ್ಯಾಟರಿ ಹತ್ತಿರವೇ 2 ಆಂಪ್ ಫ್ಯೂಸ್ ಹಾಕಿ. ಮೈನಸ್ಸನ್ನೂ ಬ್ಯಾಟರಿಗೇ ತನ್ನಿ, ಡ್ಯಾಶ್ ಹಿಂದಿನ ಯಾವುದೋ ಸ್ಕ್ರೂಗೆ ಅಲ್ಲ. ಫ್ಯಾನ್ ಎಳೆಯುವ ಕರೆಂಟಿಗೆ ಬಾಡಿ ಅರ್ತ್ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುತ್ತದೆ, ಟ್ರಿಪ್ ಅದನ್ನೇ ಪಲ್ಸ್ ಅಂತ ಎಣಿಸುತ್ತದೆ. ಅದಕ್ಕೇ ಸೆನ್ಸರ್‌ನ ನೀಲಿ ವೈರ್ ಕೂಡ ಹಿಂದೆ ಬಾಡಿಗೆ ಕೂರಿಸಬೇಡಿ, ಟ್ರಿಪ್ ಡಬ್ಬಿವರೆಗೂ ತಂದು ಅಲ್ಲಿಯೇ ಜೋಡಿಸಿ.

ಸೆನ್ಸರ್‌ನಿಂದ ಡಬ್ಬಿವರೆಗೆ ಮೂರು ಎಳೆಯ ಶೀಲ್ಡ್ ಇರುವ ಕೇಬಲ್ ಹಾಕಿ, ಎಸ್‌ಪಿ ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಶೀಲ್ಡನ್ನು ಡಬ್ಬಿ ಕಡೆ ಮಾತ್ರ ಅರ್ತ್ ಮಾಡಿ, ಸೆನ್ಸರ್ ಕಡೆ ಕತ್ತರಿಸಿ ಟೇಪ್ ಸುತ್ತಿಬಿಡಿ. ಫ್ಯುಯಲ್ ಪಂಪ್‌ನ ವೈರ್ ಗಾಡಿಯ ಒಂದು ಬದಿಯಲ್ಲಿ ಹೋಗುತ್ತಿದ್ದರೆ ನಿಮ್ಮದು ಇನ್ನೊಂದು ಬದಿಯಲ್ಲಿ ಹೋಗಲಿ. ವಾಕಿಟಾಕಿ ಆಂಟೆನಾದ ಕೇಬಲ್ ಜೊತೆ ಸೇರಿಸಿ ಕಟ್ಟಬೇಡಿ.

ಇಷ್ಟು ಮಾಡಿಯೂ ಹಾರಿದರೆ ಸಿಗ್ನಲ್‌ನಿಂದ ಪ್ಲಸ್‌ಗೆ 2.2 ಕೆ ರೆಸಿಸ್ಟರ್ ಒಂದು ಹಾಕಿ ನೋಡೋಣ, ಹಾಕುವ ಮೊದಲು ನಿಮ್ಮ ಡಬ್ಬಿಯ ಇನ್‌ಪುಟ್ ಎಷ್ಟು ವೋಲ್ಟ್ ತಡೆಯುತ್ತದೆ ಅಂತ ಕೈಪಿಡಿಯ ಆ ಪುಟದ ಫೋಟೋ ಹಾಕಿ.

ಎಡಸೀಟು:

ಪ್ಲಸ್ ಸ್ಟೀರಿಯೋದಿಂದಲೇ ಬಂದಿತ್ತು ಸರ್, ಗಾಡಿ ಕೊಟ್ಟವರು ಹಾಗೇ ಮಾಡಿದ್ದರು. ಬ್ಯಾಟರಿಯಿಂದ ಎಳೆದ ಮೇಲೆ ಫ್ಯಾನ್‌ಗೆ ಹಾರುವುದು ನಿಂತಿದೆ. ವಾಕಿಟಾಕಿಗೆ ಇನ್ನೂ ಒಮ್ಮೊಮ್ಮೆ ಹಾರುತ್ತದೆ, ಶೀಲ್ಡ್ ಕೇಬಲ್ ಶನಿವಾರ ತರುತ್ತೇನೆ. ಕೈಪಿಡಿಯ ಫೋಟೋ ಕೆಳಗೆ ಹಾಕಿದ್ದೇನೆ, ಇನ್‌ಪುಟ್ ವಿಷಯ ಇರುವುದು ಎರಡನೇ ಪುಟದಲ್ಲಿ.